ಚಂಪಕ್ಕ ನಂಬುವುದಿಲ್ಲ

ಕಾಪುವಿನಲ್ಲಿ ನಮ್ಮ ಪಕ್ಕದ ಮನೆಯ ಚಂಪಕ್ಕನಿಗೆ ಯಾರ ಮೇಲೂ ನಂಬಿಕೆಯಿಲ್ಲ. ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿದ ಮೇಲೂ ಒಮ್ಮೆ ಮೂಸುತ್ತಾರೆ. ಹಾಲಿನವನು ನಕ್ಕರೆ ಇವತ್ತು ನೀರು ಜಾಸ್ತಿ ಎನ್ನುತ್ತಾರೆ. ಟಿವಿಯಲ್ಲಿ ಬರುವ ಕಾಲೇಜು ಮಕ್ಕಳ ದೆವ್ವದ ಧಾರಾವಾಹಿಯನ್ನಂತೂ ಪೊಲೀಸರ ಹಾಗೆ ನೋಡುತ್ತಾರೆ. "ಆ ವಾರ್ಡನ್ನಿಗೆ ನೆರಳೇ ಇಲ್ಲ, ನೋಡಿದೆಯಾ ಮಾರಾಯ್ತಿ?" ಎಂದು ಮಗಳು ಚೈತಾಲಿಯನ್ನು ತಿವಿಯುತ್ತಾರೆ. ಮೊನ್ನೆಯ ಕಂತಿನಲ್ಲಿ, ಹೊಳೆಯಲ್ಲಿ ಮುಳುಗಿ ಸತ್ತಿದ್ದ ಹುಡುಗ ಮನೆಗೆ ಮರಳಿ ಬಂದ. ತಾಯಿ ಓಡಿ ಹೋಗಿ ಬಾಗಿಲು ತೆರೆದು ತಬ್ಬಿಕೊಂಡಳು. ನಾವೆಲ್ಲ ಅತ್ತೆವು; ಚೈತಾಲಿಯ ಮಣಿಪಾಲದ ಗೆಳತಿಯರು ವಾಟ್ಸಾಪಿನ ತುಂಬ ಕಣ್ಣೀರು ಸುರಿಸಿದರು. ಚಂಪಕ್ಕ ಮಾತ್ರ ಸಿಡುಕಿದರು: "ಎಂತ ತಾಯಿ ಅವಳು? ಬಂದದ್ದು ಯಾರು ಅಂತ ಕೇಳ್ಲಿಕ್ಕೆ ಬೇಡವಾ?" ಎಲ್ಲರೂ ನಕ್ಕರೂ ಮೂಲೆಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ ಅವರ ಗಂಡ ದೇವದಾಸಣ್ಣ ನಗಲಿಲ್ಲ. "ನಾನೂ ಹಾಗೆ ಹೊರಗೆ ನಿಂತವನೇ," ಎಂದರು. ಅವರ ದೋಣಿ ಮಗುಚಿದ ವರ್ಷ ಊರೇ ಆಸೆ ಬಿಟ್ಟಿತ್ತಂತೆ. ಬೇರೆ ದೋಣಿಯವರು ಕಾಪಾಡಿ ಮನೆಗೆ ಕಳಿಸಿದಾಗ ಚಂಪಕ್ಕ ಚಿಲಕ ತೆಗೆಯದೆ, ಮದುವೆಯ ದಿನ ತಾನು ಅತ್ತದ್ದು ಯಾಕೆ ಎಂದು ಕಿಟಕಿಯಿಂದಲೇ ಕೇಳಿದ್ದರಂತೆ. "ಸರಿಯಾಗಿಯೇ ಹೇಳಿದೆ. ಆದರೂ ಬಾಗಿಲು ತೆಗೆಯಲಿಲ್ಲ," ಎಂದರು ದೇವದಾಸಣ್ಣ. "ಸರಳಿನ ಎಡೆಯಿಂದ ಕೈ ಹಾಕಿ ನನ್ನ ಅಂಗಿ ಹಿಡಿದುಕೊಂಡಿದ್ದಳು. ಬಾಗಿಲು ತೆಗೆಯಬೇಕಾದರೆ ಅಂಗಿ ಬಿಡಬೇಕಿತ್ತಲ್ಲ. ಅದಕ್ಕೆ ಇವಳಿಗೆ ಧೈರ್ಯ ಬರಲಿಲ್ಲ."