ಡಬ್ಬ ಚುಚ್ಚುವ ಶಾಂತಮಲ್ಲಪ್ಪ

ಠಣ್ ಎಂದು ಮೊಳೆಯ ಮೇಲೆ ಸುತ್ತಿಗೆ ಬಿದ್ದ ಸದ್ದು ಕೇಳಿದರೆ, ಆನೇಮಹಲ್‌ನ ಅಂಗಡಿಯಲ್ಲಿ ಶಾಂತಮಲ್ಲಪ್ಪ ಇನ್ನೊಂದು ಡಬ್ಬ ಎಂಜಿನ್ ಆಯಿಲ್ ಮಾರಿದರು ಎಂದು ಅರ್ಥ. ಆಯಿಲನ್ನು ಗಿರಾಕಿಯ ಗಾಡಿಗೆ ತಾವೇ ಸುರಿದು, ಖಾಲಿ ಡಬ್ಬದ ತಳಕ್ಕೆ ತೂತು ಹೊಡೆದ ಮೇಲೆಯೇ ಅವರು ದುಡ್ಡು ಮುಟ್ಟುವುದು. ಒಳ್ಳೆಯ ಕಂಪನಿಯ ಖಾಲಿ ಡಬ್ಬ ಸಿಕ್ಕರೆ ಸಾಕು, ಸೋಸಿದ ಹಳೇ ಆಯಿಲ್ ತುಂಬಿ ಹೊಸದೆಂದು ಮಾರುವವರು ಹೆದ್ದಾರಿಯ ಉದ್ದಕ್ಕೂ ಇದ್ದಾರೆ. "ಡಬ್ಬ ಸೀಮೆಎಣ್ಣೆಗೆ ಬೇಕಿತ್ತು, ಹಂಗೇ ಕೊಡಿ" ಎಂದವರಿಗೆ ಅವರ ಉತ್ತರ ಒಂದೇ: "ತೂತು ಐತೆ, ಹೂವಿನ ಗಿಡ ನೆಡಿ." ಹೀಗಾಗಿ ಊರಿನ ಪ್ರತಿ ಮನೆಯ ಮುಂದೆಯೂ ಆಯಿಲ್ ಡಬ್ಬದಲ್ಲಿ ಡೇರೆ ಹೂ ಅರಳಿದೆ. ತುಪ್ಪದ ಖಾಲಿ ಡಬ್ಬವನ್ನೂ ಬಿಡುವುದಿಲ್ಲವೆಂದು ಹೆಂಡತಿ ನಾಗರತ್ನಮ್ಮ ಅದನ್ನು ಅಕ್ಕಿ ಮೂಟೆಯಲ್ಲಿ ಹೂತಿಡುತ್ತಾರೆ. ಮೊನ್ನೆ ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು, "ಆಳುಗಳ ಜೀಪಿಗೆ ಇಷ್ಟು ದುಬಾರಿ ಆಯಿಲ್ ಯಾಕೆ? ಡಬ್ಬ ಇಲ್ಲದ ಲೂಸ್ ಆಯಿಲ್ ಕೊಡಿ ಮಾರಾಯ್ರೇ" ಎಂದು ಪಟ್ಟು ಹಿಡಿದರು. "ಕೆಟ್ಟ ಆಯಿಲ್ ಹಾಕಿ ವನಗೂರಿನ ಏರಲ್ಲಿ ಎಂಜಿನ್ ಹಿಡ್ಕೊಂಡ್ರೆ ಜೀಪು ಹಿಂದಕ್ಕೆ ಬತ್ತದೆ ಕಣ್ರೀ" ಎಂದರು ಶಾಂತಮಲ್ಲಪ್ಪ. ರೈಟರ್ ನಕ್ಕರು. "ಯಾವ ಜೀಪು ಬಂದೈತೆ, ಹೇಳಿ ನೋಡಾಣ?" ಹೀಗೆ ಡಬ್ಬ ಚುಚ್ಚಲು ಮೊಳೆ ಹಿಡಿಯುವ ಮುಂಚೆ, ಹಳೇ ಆಯಿಲ್ ತುಂಬಿದ್ದ ಡಬ್ಬವೊಂದನ್ನು ತಿಳಿಯದೆ ಮಾರಿದವರು ಶಾಂತಮಲ್ಲಪ್ಪನವರೇ. ಆ ಆಯಿಲ್ ಹಾಕಿಸಿದ ಜೀಪಿನ ಡ್ರೈವರ್ ಕರಿಯಪ್ಪನ ಒಂದು ಕಾಲು ಆ ಏರಿನಲ್ಲೇ ಹೋಯಿತು. ಅಷ್ಟರಲ್ಲಿ ಎದುರಿಗೆ ಬಸ್ಸು ನಿಂತು, ಮೊದಲು ಒಂದು ಊರುಗೋಲು ಕೆಳಗಿಳಿಯಿತು. ರೈಟರ್ ಇನ್ನೂ ರೇಟು ಕೇಳುತ್ತಿರುವಾಗಲೇ ಶಾಂತಮಲ್ಲಪ್ಪ ಕರಿಯಪ್ಪನ ಕೈ ಹಿಡಿಯಲು ರಸ್ತೆ ದಾಟಿ ಹೋದರು.