ತಮಟೆ ಹೊಡೆದು ಕರೆದ ಉಪನ್ಯಾಸ

ಬೆಳಗಿನ ರೈಲಿನಲ್ಲಿ ಬೆಂಗಳೂರು ಬಿಟ್ಟು ಗೌರಿಬಿದನೂರಿನಲ್ಲಿ ಇಳಿದಾಗ ಬಿಸಿಲು ಏರಿತ್ತು. ಐವತ್ತರ ದಶಕದ ಕೊನೆ. ವರ್ಷ ಖಚಿತವಾಗಿ ಬರೆದರೆ ಸುಳ್ಳಾದೀತು. ಜೊತೆಯಲ್ಲಿದ್ದವರು ವಿಶ್ವವಿದ್ಯಾನಿಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಗೆಳೆಯ ವಾಸುದೇವಯ್ಯ. ಅಧ್ಯಾಪಕರನ್ನು ಹಳ್ಳಿಗಳಿಗೆ ಕಳಿಸಿ ಉಪನ್ಯಾಸ ಮಾಡಿಸುವ ಏರ್ಪಾಡು ಆಗ ಇತ್ತು. 'ಮನುಷ್ಯನ ಹಕ್ಕುಗಳು: ಈ ಕಾಲದ ತೊಡಕುಗಳು' ಎಂಬುದು ಅವರ ವಿಷಯ. ನಾನು ಸುಮ್ಮನೆ ಜೊತೆಗೆ ಹೊರಟವನು.

ಸ್ಟೇಷನ್ ಹೊರಗೆ ಇಡ್ಲಿ, ಕಡಲೇಕಾಯಿ ಚಟ್ನಿ ತಿಂದು ನಗರಗೆರೆ ಕಡೆಯ ಬಸ್ಸು ಹತ್ತಿದೆವು. ಸೀಟಿಗಾಗಿ ತೆಲುಗಿನಲ್ಲಿ ಜಗಳ ಶುರುಮಾಡಿದ ಇಬ್ಬರು ಕನ್ನಡದಲ್ಲಿ ರಾಜಿಯಾದರು. ನಗರಗೆರೆಗೂ ಮುಂಚೆ ಒಂದು ಹಳ್ಳಿಯಲ್ಲಿ ಇಳಿದೆವು. ಬೀದಿಯಲ್ಲಿ ಒಬ್ಬ ತಮಟೆ ಹೊಡೆಯುತ್ತ ಸಾರುತ್ತಿದ್ದ:

"ಕೇಳ್ರಪ್ಪೋ ಕೇಳ್ರಿ! ಸಾಯಂಕಾಲ ಇಸ್ಕೂಲ್ ಹತ್ರ ಬೆಂಗಳೂರು ಮೇಷ್ಟ್ರು ಮಾತಾಡ್ತಾರೆ! ಎಲ್ರೂ ಬರಬೇಕ್ರಪ್ಪೋ!"

"ನೋಡಿದಿರಾ, ನಮಗೆ ಎಂಥ ಸ್ವಾಗತ!" ಎಂದು ವಾಸುದೇವಯ್ಯ ನಕ್ಕರು. ಅವನು ಗಂಗುಲಪ್ಪ, ಊರಿನ ತೋಟಿ. ಸುದ್ದಿ ಸಾರುವುದು, ಸಾವಿನ ಸುದ್ದಿ ಹೊತ್ತು ಪಕ್ಕದ ಊರುಗಳಿಗೆ ಓಡುವುದು, ಸತ್ತ ದನ ಎಳೆಯುವುದು ಅವನ ಮನೆತನಕ್ಕೆ ಅಂಟಿದ ಬಿಟ್ಟಿ ಚಾಕರಿ.

ಸಂಜೆ ಶಾಲೆಯ ಅಂಗಳ ತುಂಬಿತ್ತು. ಗಂಗುಲಪ್ಪ ಮತ್ತು ಅವನ ಕೇರಿಯವರು ಬೇಲಿಯಾಚೆ ಕೂತರು. "ಬಲವಂತದಿಂದ ಯಾರ ಕೈಲೂ ಕೆಲಸ ಮಾಡಿಸುವ ಹಾಗಿಲ್ಲ. ಅವರಾಗಿ ಒಪ್ಪಿದರೆ ಮಾತ್ರ" ಎಂದು ವಾಸುದೇವಯ್ಯ ಹೇಳಿದಾಗ ಮೊದಲು ಚಪ್ಪಾಳೆ ತಟ್ಟಿದವರು ಊರಿನ ಪಟೇಲರು. ಅಥವಾ ಆಮೇಲೆ ನಡೆದದ್ದರಿಂದ ನನಗೆ ಹಾಗೆ ನೆನಪಿರಬಹುದು.

ಮರುದಿನ ಬೆಳಿಗ್ಗೆ ಬಸ್ಸಿಗೆ ಕಾಯುತ್ತಿದ್ದಾಗ ಗಂಗುಲಪ್ಪನ ಹೆಂಡತಿ ಅಕ್ಕಯಮ್ಮ ಬಂದು ನಿಂತಳು.

"ಸಭೆ ಚೆನ್ನಾಗಾಯ್ತಾ ಸಾಮಿ?"

"ಆಯ್ತಮ್ಮ. ನಿನ್ನ ಯಜಮಾನ ಬಲು ಚೆನ್ನಾಗಿ ಸಾರಿದ."

"ಸಾರ್ದ, ಸಾರ್ದ! ಯುಗಾದಿಯಿಂದ ಆ ತಮಟೆ ಗೂಟಕ್ಕೆ ನೇತಾಕಿದ್ದ ಸಾಮಿ. ಇನ್ನು ಊರ ಚಾಕರಿ ಮಾಡಲ್ಲ ಅಂತ ಪಟೇಲ್ರ ಎದುರಿಗೇ ಅಂದಿದ್ದ. ಅಂಗ್ಡೀಲಿ ನಮಗೆ ಉಪ್ಪು ಕೊಡೋದು ನಿಲ್ಸಿದ್ರು. ಆದ್ರೂ ತಮಟೆ ಮುಟ್ಲಿಲ್ಲ."

"ಮತ್ತೆ ನೆನ್ನೆ?"

"'ನಿಮ್ಮ ಹಕ್ಕಿನ ಸಭೆ ಕಣೋ, ನೀನೇ ಸಾರ್ದೇ ಇದ್ರೆ ಇನ್ಯಾರು ಸಾರ್ತಾರೆ' ಅಂದ್ರು ಪಟೇಲ್ರು. ಬ್ಯಾಡ ಅಂದೆ ನಾನು. 'ಮೇಷ್ಟ್ರು ನಮಗೋಸ್ಕರ ಬರ್ತವ್ರೆ, ಸುಮ್ನಿರೇ' ಅಂತ ನನ್ನೇ ಗದರ್ದ. ಬೆಳಿಗ್ಗೆ ಪಟೇಲ್ರ ದೊಡ್ಡಮ್ಮ ಹೋಗ್ಬಿಟ್ರು. ಆಳುಗಳು ಬಂದು, 'ನೆನ್ನೆ ಹೊಡೆದೋನಿಗೆ ಇವತ್ತೇನು ಕೈ ನೋವಾ' ಅಂದ್ರು. ತಮಟೆ ತಗೊಂಡು ಸಾವಿನ ಸುದ್ದಿ ಹೇಳೋಕೆ ಹೋದ."

ವಾಸುದೇವಯ್ಯ ನೆಟ್ಟಗೆ ಪಟೇಲರ ಮನೆಗೆ ನಡೆದರು. ಹೆಣ ಅಂಗಳದಲ್ಲಿತ್ತು, ಹೆಂಗಸರು ಅಳುತ್ತಿದ್ದರು. ಜಗಲಿಯಲ್ಲಿದ್ದ ಪಟೇಲರು ತಗ್ಗಿದ ದನಿಯಲ್ಲಿ, "ಬಲವಂತ ತಪ್ಪು ಅಂದ್ರಿ, ಒಪ್ಕೊಂಡೆ ಸ್ವಾಮಿ. ನೆನ್ನೆ ಅವನಾಗೇ ಹೊಡೆದ. ನೀವೇ ಕೇಳಿದ್ರಲ್ಲ?" ಎಂದರು. ಸಾವಿನ ಮನೆಯಲ್ಲಿ ವಾದ ಬೆಳೆಸಲಾಗಲಿಲ್ಲ. ವಾಸುದೇವಯ್ಯ ಕೈ ಮುಗಿದು ಹಿಂತಿರುಗಿದರು. ಅಕ್ಕಯಮ್ಮ ಅವರ ಮುಖ ನೋಡಿ ಹೊರಟುಹೋದಳು.

ಬಸ್ಸು ಊರು ದಾಟಿ ಒಂದೆರಡು ಮೈಲಿ ಹೋಗಿರಬೇಕು. ಸಾವಿನ ಸುದ್ದಿ ಹೇಳಲು ಹೊರಟಿದ್ದ ಗಂಗುಲಪ್ಪ ರಸ್ತೆಯಂಚಿನಲ್ಲಿ ಕಂಡ, ಹೆಗಲಲ್ಲಿ ತಮಟೆ. ವಾಸುದೇವಯ್ಯ ಕಿಟಕಿಯಿಂದ ಬಗ್ಗಿ ಹೆಸರು ಹಿಡಿದು ಕೂಗಿದರು. ಅವನು ನಮಗೆ ಕೈ ಮುಗಿದನೆಂದು ಅವರು ಇಂದಿಗೂ ಹೇಳುತ್ತಾರೆ. ನಾನು ಕಂಡದ್ದು ಬೇರೆ. ಅವನು ಬೇಲಿಯ ಕಡೆ ಮುಖ ತಿರುಗಿಸಿ, ನಮ್ಮ ಬಸ್ಸಿನ ಧೂಳು ಅಡಗುವವರೆಗೂ ಹಾಗೇ ನಿಂತಿದ್ದ.