ನಾನಿಲ್ಲದ ದಿನ ಹುರಿದ ಖಾರ

ಬೆಳಿಗ್ಗೆ ಎದ್ದವಳೇ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿಕೊಂಡು ಮಂಚದ ಮೇಲೆ ಕುಳಿತೆ. ವೈರಲ್ ನ್ಯುಮೋನಿಯಾ ಆಗಿ ರಾಣೆಬೆನ್ನೂರಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮೇಲೆ ದಿನ ಶುರುವಾಗುವುದೇ ಹೀಗೆ. ಆಮೇಲೆ ಉಸಿರಿನ ವ್ಯಾಯಾಮಕ್ಕೆಂದು ಕೊಟ್ಟ ಪ್ಲಾಸ್ಟಿಕ್ ಡಬ್ಬಿಯ ಕೊಳವೆ ಬಾಯಿಗಿಟ್ಟು, ಉಸಿರೆಳೆದು, ಒಳಗಿನ ಗುಂಡುಗಳನ್ನು ಮೇಲೆತ್ತಬೇಕು. ಕೊನೆಯದು ಅಂದೂ ಅರ್ಧಕ್ಕೇ ಬಿತ್ತು. ಅಡುಗೆಮನೆಯಲ್ಲಿ ನೆಗೆಣ್ಣಿ ರೊಟ್ಟಿ ಬಡಿಯುತ್ತಿದ್ದಳು. ಮೈದುನನ ಹೆಂಡತಿ, ಗುತ್ತಲದವಳು. ನಾನು ಒಲೆಯ ಬಲಕ್ಕಿಡುತ್ತಿದ್ದ ಉಪ್ಪಿನ ಡಬ್ಬಿಯನ್ನು ಆಗಲೇ ಎಡಕ್ಕಿಟ್ಟುಕೊಂಡಿದ್ದಳು.

ಬ್ಯಾಡಗಿಯ ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಮಸಾಲಿ ಖಾರ ಮಾಡುತ್ತೇವೆ. ಕೊತ್ತಂಬರಿ ಬೀಜ, ಕೊಬ್ಬರಿ, ಲವಂಗ ಹುರಿಯುವುದು, ಯಾವುದನ್ನು ಯಾವಾಗ ಇಳಿಸಬೇಕೆಂದು ವಾಸನೆಯಿಂದಲೇ ಹೇಳುವುದು, ಇದೆಲ್ಲ ಅತ್ತೆ ನನಗೆ ಬಿಟ್ಟುಕೊಟ್ಟ ಕೆಲಸ. ಈ ವರ್ಷದ ಮೆಣಸಿನಕಾಯಿ ಮಾಳಿಗೆಯ ಮೇಲೆ ಒಣಗಿ ಗರಿಗರಿಯಾಗಿತ್ತು. ನನಗೋ ಘಾಟು ಕೂಡದು ಎಂದು ಡಾಕ್ಟರ್ ಹೇಳಿದ್ದರು. ಮೂಗಿಗೆ ವಾಸನೆಯೂ ಮರಳಿರಲಿಲ್ಲ. ಆದರೂ ಅಂದಿನ ತಪಾಸಣೆಯಲ್ಲಿ ಒಪ್ಪಿಗೆ ಸಿಕ್ಕೀತೆಂಬ ಆಸೆ. ಹೊರಡುವಾಗ ಅತ್ತೆಗೆ ಹೇಳಿದೆ:

“ಖಾರಕ್ಕ ಇನ್ನಷ್ಟು ದಿನ ತಡೀರಿ ಅತ್ತಿ, ನಾನ ಹುರೀತೇನಿ.”

“ನೀ ಮೊದಲ ತೋರಿಸ್ಕೊಂಡ್ ಬಾ,” ಅಂದರು.

ರಾಣೆಬೆನ್ನೂರಿನಲ್ಲಿ ಎಕ್ಸ್‌ರೇ ನೋಡಿ ಡಾಕ್ಟರ್ ಖುಷಿಪಟ್ಟರು. ಉಸಿರಿನ ವ್ಯಾಯಾಮ ಬಿಡಬೇಡಿ, ಹೊಗೆ ಘಾಟಿನ ಹತ್ತಿರ ಇನ್ನೂ ಕೆಲವು ವಾರ ಸುಳಿಯಬೇಡಿ ಅಂದರು. ವಾಸನೆ ನಿಧಾನಕ್ಕೆ ಬರುತ್ತದಂತೆ. ಕೆಲವು ವಾರ ತಾನೇ, ಒಣಗಿದ ಕಾಯಿ ಎಲ್ಲಿಗೆ ಹೋಗುತ್ತದೆ ಎಂದುಕೊಳ್ಳುತ್ತಾ ಗಂಡನ ಜೊತೆ ಬಸ್ಸು ಹತ್ತಿದೆ.

ಮನೆಗೆ ಬಂದರೆ ಖಾರ ಆಗಿಹೋಗಿತ್ತು. ಗಿರಣಿಯಲ್ಲಿ ಕುಟ್ಟಿಸಿ ತಂದು ಹಳೆಯ ಪಂಚೆಯ ಮೇಲೆ ಆರಹಾಕಿದ್ದರು. ನೆಗೆಣ್ಣಿಯ ಕಣ್ಣುಗಳು ಇನ್ನೂ ಕೆಂಪಗಿದ್ದವು.

“ನೀವಿದ್ದಾಗ ಹುರದ್ರ ನಿಮಗ ಮತ್ತ ಕೆಮ್ಮು ಏಳತೈತಿ ಅಂತ ಇವತ್ತ ಮುಗಿಸಿಬಿಟ್ವಿ, ಅಕ್ಕಾ.”

ನಾನು ಓದಿದ ಹಾವೇರಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಕಲಿಸಿದ ‘ಥ್ಯಾಂಕ್ಸ್’ ತಾನಾಗಿ ಬಾಯಿಂದ ಬಂತು. ನನ್ನ ಒಳ್ಳೆಯದಕ್ಕೇ ಮಾಡಿದ್ದರಿಂದ ಮುನಿಸಿಕೊಳ್ಳಲೂ ದಾರಿಯಿರಲಿಲ್ಲ. ಎಲ್ಲರೂ ಹಿತ್ತಲಿಗೆ ಹೋದಾಗ ಮಾಸ್ಕ್ ಇಳಿಸಿ, ಬಗ್ಗಿ ನೋಡಿದೆ. ಬಣ್ಣ ಎಲ್ಲೂ ಕಪ್ಪಾಗಿರಲಿಲ್ಲ. ಚಿಟಿಕೆ ನಾಲಿಗೆಗಿಟ್ಟೆ, ಉರಿ ತಿಳಿಯಿತು, ರುಚಿ ತಿಳಿಯಲಿಲ್ಲ. ಕೊಬ್ಬರಿ ಒಂದಿಷ್ಟು ಸೀದುಹೋಗಿರಬಾರದಿತ್ತೇ ಅನ್ನಿಸಿತು. ಸೀದಿದ್ದರೂ ಹೇಳಲು ನನಗೆ ಮೂಗೇ ಇರಲಿಲ್ಲ. ಕೆಮ್ಮು ಬಂತು. ಸೆರಗಿನಲ್ಲಿ ಬಾಯಿ ಒತ್ತಿಕೊಂಡು ಮಂಚಕ್ಕೆ ಮರಳಿದೆ.

ಹೊಸ ಖಾರವನ್ನು ನೆರೆಯವರಿಗೆ ಒಂದು ಬಟ್ಟಲು ಕೊಡುವುದು ನಮ್ಮ ರೂಢಿ. ಸಂಜೆ ಪಕ್ಕದ ಮನೆಯಾಕೆ ನನ್ನನ್ನು ಮಾತಾಡಿಸಲು ಬಂದಾಗ ನೆಗೆಣ್ಣಿಯೇ ತಂದು ಆಕೆಯ ಕೈಗಿತ್ತಳು. ಆಕೆ ಮೂಸಿ ನೋಡಿದಳು, ಎಕ್ಸ್‌ರೇ ಏನಾಯಿತೆಂದು ನನ್ನನ್ನು ವಿಚಾರಿಸಿದಳು, ಮಲಗಿಕೊಳ್ಳಲು ಹೇಳಿ ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ನನ್ನತ್ತ ತಿರುಗಿ ಅಂದಳು:

“ನೀವು ಹುರದು ಕೊಟ್ಟ ಹೋದ್ವರ್ಷದ್ದು ಡಬ್ಬಿಯೊಳಗ ಇನ್ನೂ ಐತ್ರಿ. ಇರ್ಲಿ ಬಿಡ್ರಿ, ಮೊದಲ ಇದನ್ನ ಬಳಸ್ತೇನಿ.”